ಆರು ಎಸಳಿನ ದಾಸವಾಳ

ಸ್ಮರಣ ಸಂಚಿಕೆಯ ಸಮಿತಿಯವರು ಫೋನ್ ಮಾಡಿ "ಇತಿಹಾಸ ವಿಭಾಗಕ್ಕೆ ಒಂದು ಲೇಖನ ಕೊಡಪ್ಪ" ಎಂದಾಗ ನಾನು ಶಾಲೆಯ ಇತಿಹಾಸ ಬರೆಯಬೇಕೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅದನ್ನು ಹಿರಿಯರೇ ಬರೆಯುತ್ತಿದ್ದಾರೆ. 1974ರಲ್ಲಿ ಹೆಂಚಿನ ಎರಡು ಕೊಠಡಿಗಳಲ್ಲಿ ಈ ಶಾಲೆ ಶುರುವಾದದ್ದನ್ನು ಕಣ್ಣಾರೆ ಕಂಡವರು ಅವರು. ನಾನು ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂರುವವನು. ಎಸ್ಸೆಸ್ಸೆಲ್ಸಿಯಲ್ಲಿ ಇತಿಹಾಸದಲ್ಲಿ ನನಗೆ ಬಂದ ಅಂಕ ಹೇಳದಿರುವುದೇ ವಾಸಿ. ಆದರೂ ಒಂದು ಇತಿಹಾಸ ಹೇಳುವುದಿದೆ. ನಾನು ಮಾಡಿದ ಒಂದು ತಪ್ಪಿನಿಂದ ನಮ್ಮ ವಿಜ್ಞಾನದ ಮೇಷ್ಟ್ರು ಮೂರು ರಾತ್ರಿ ನಿದ್ದೆಗೆಟ್ಟರು. ಆ ತಪ್ಪು ಏನೆಂದು ತಿಳಿಯಲು ಹೋಗಿ ಈ ಇತಿಹಾಸ ಕಲಿತೆ.

"ವಿಷಯ ಬರಿ, ನನ್ನ ಹೆಸರು ಹಾಕಬೇಡ" ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಅವರ ಕೈಲಿ ಓದಿದವರಿಗೆ ಹೆಸರಿಲ್ಲದೆಯೇ ಗೊತ್ತಾದರೆ ಅದು ನನ್ನ ತಪ್ಪಲ್ಲ.

ಒಂಬತ್ತನೇ ತರಗತಿಯಲ್ಲಿ ಹೂವಿನ ಭಾಗಗಳ ಪಾಠ ಇತ್ತು. ಮಾರನೇ ದಿನ ಎಲ್ಲರೂ ಒಂದೊಂದು ದಾಸವಾಳ ತರಬೇಕು ಎಂದು ಮೇಷ್ಟ್ರು ಹೇಳಿದ್ದರು. ನಮ್ಮ ಕೊಪ್ಪಲಿನ ಬೇಲಿಯಲ್ಲಿ ಕಿತ್ತು ತಂದಿದ್ದ ನನ್ನ ಹೂವಿಗೆ ಆರು ಎಸಳಿತ್ತು. ಎರಡು ಸಲ ಎಣಿಸಿ ಮೇಷ್ಟ್ರಿಗೆ ತೋರಿಸಿದೆ. ಅವರೂ ಎಣಿಸಿದರು. ನಕ್ಕು, "ಇರುತ್ತೆ ಕಣೋ, ಒಂದೊಂದು ಹೀಗೂ ಇರುತ್ತೆ. ಆದ್ರೆ ರೆಕಾರ್ಡಲ್ಲಿ ಐದೇ ಬರಿ, ಪರೀಕ್ಷೆಗೆ ಐದು" ಎಂದರು. ಐದೇ ಬರೆದೆ, ಹತ್ತಕ್ಕೆ ಒಂಬತ್ತು ಬಂತು.

ಕಳೆದ ವರ್ಷ ದಸರಾ ಮುಗಿದ ವಾರ ಅದೇ ಮೇಷ್ಟ್ರು ಬೆಳಿಗ್ಗೆ ಪೇಪರ್ ಓದುತ್ತಿದ್ದಾಗ ಬಲಗೈ ಜೋಮು ಹಿಡಿದು ಪೇಪರ್ ಕೈಯಿಂದ ಜಾರಿತು. ಅಮ್ಮನವರನ್ನು ಕರೆಯಲು ಹೋದರೆ ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. "ಏನೂ ಇಲ್ಲ, ಪಿತ್ತ" ಎಂದು ಅವರು ಹೇಳಿದರೂ ಮಗ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಅಡ್ಮಿಟ್ ಮಾಡಿಕೊಂಡು ಔಷಧಿ ಶುರುಮಾಡಿ, ಮಿದುಳಿನ ಎಂಆರ್‌ಐ ತೆಗೆಸಿ, ಜೊತೆಗೆ ರಕ್ತನಾಳಗಳ ಚಿತ್ರವನ್ನೂ ತೆಗೆಸಿದರು. ಅದು ಶುಕ್ರವಾರ. ನರರೋಗದ ದೊಡ್ಡ ಡಾಕ್ಟರು ಸಿಗುವುದು ಸೋಮವಾರ. ಮೇಷ್ಟ್ರ ಮಗ ಶಾಲೆಯಲ್ಲಿ ನನಗಿಂತ ಒಂದು ವರ್ಷ ದೊಡ್ಡವರು. ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿ, "ನೀನು ಇಂಜಿನಿಯರು, ಸ್ವಲ್ಪ ಓದಿ ಹೇಳೋ" ಎಂದರು.

ನಾನು ಓದಿದೆ. ಬಲಗಡೆಯ ಎ-1 ಭಾಗ ಹೈಪೋಪ್ಲಾಸ್ಟಿಕ್, ಎಡಗಡೆಯ ಹಿಂಬದಿಯ ಧಮನಿ ಫೀಟಲ್ ಒರಿಜಿನ್, ಬಲಗಡೆಯ ಒಂದು ಕೂಡುನಾಳ ಕಾಣಿಸುತ್ತಿಲ್ಲ ಎಂದೆಲ್ಲ ಇತ್ತು. ಒಂದೊಂದು ಪದವನ್ನೂ ಹುಡುಕಿ ನೋಡಿ, ಅರ್ಧ ಗಂಟೆಯಲ್ಲಿ ಪಂಡಿತನಾಗಿ, ಫೋನ್ ಮಾಡಿ ಹೇಳಿದೆ: "ಅಣ್ಣ, ಸಾರ್‌ಗೆ ಹುಟ್ಟಿನಿಂದಲೇ ಮಿದುಳಿನ ರಕ್ತನಾಳ ಸರಿಯಾಗಿ ಬೆಳೆದಿಲ್ಲ. ಒಂದಂತೂ ಇಲ್ಲವೇ ಇಲ್ಲ." ಅವರ ಫೋನು ಸ್ಪೀಕರಿನಲ್ಲಿತ್ತು. ಮೇಷ್ಟ್ರು ಮಂಚದ ಮೇಲೆ ಮಲಗಿ ಕೇಳಿಸಿಕೊಂಡರು. ಅವರ ಮಗಳು ಆಗ ಆರು ತಿಂಗಳ ಬಸುರಿ. "ಹುಟ್ಟಿನಿಂದ ಬಂದದ್ದಾದರೆ ಮಗೂಗೂ ಬರುತ್ತಾ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ನನ್ನಲ್ಲಿ ಉತ್ತರವಿರಲಿಲ್ಲ.

ಸೋಮವಾರ ಡಾಕ್ಟರು ಬಂದವರೇ ವರದಿಯ ಎರಡನೇ ಪುಟ ತಿರುವಿ ತೋರಿಸಿದರಂತೆ. ಅಲ್ಲಿ ಒಂದೇ ಸಾಲು: ನಾರ್ಮಲ್ ವೇರಿಯಂಟ್ಸ್. ಸಹಜ ವ್ಯತ್ಯಾಸಗಳು ಎಂದರ್ಥ. ನಾನು ಮೊಬೈಲಿನಲ್ಲಿ ಮೊದಲ ಪುಟಕ್ಕೇ ನಿಲ್ಲಿಸಿದ್ದೆ. ದಿನವಿಡೀ ಬೇರೆಯವರ ಕೋಡ್‌ನಲ್ಲಿ ಕೊನೆಯ ಸಾಲಿನವರೆಗೂ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು.

ಡಾಕ್ಟರು ಮೇಷ್ಟ್ರಿಗೆ ಒಂದು ಚೀಟಿಯ ಹಿಂದೆ ವೃತ್ತ ಬರೆದು ವಿವರಿಸಿದರು. ಆ ವೃತ್ತದ ಹೆಸರು 'ಸರ್ಕಲ್ ಆಫ್ ವಿಲಿಸ್', ವಿಲಿಸನ ವೃತ್ತ. ಅದನ್ನು ಮೈಸೂರಿನವರಿಗೆ ಹೇಳುವುದು ಸುಲಭ. ನಮ್ಮ ಊರಿಗೆ ಬೆಂಗಳೂರು ಕಡೆಯಿಂದ, ಹುಣಸೂರು ಕಡೆಯಿಂದ, ನಂಜನಗೂಡು ಕಡೆಯಿಂದ, ತಿ. ನರಸೀಪುರ ಕಡೆಯಿಂದ ದೊಡ್ಡ ರಸ್ತೆಗಳು ಬರುತ್ತವೆ. ಅವನ್ನೆಲ್ಲ ರಿಂಗ್ ರೋಡು ಒಂದಕ್ಕೊಂದು ಕೂಡಿಸುತ್ತದೆ. ಮಿದುಳಿಗೂ ನಾಲ್ಕು ದೊಡ್ಡ ರಕ್ತನಾಳಗಳು ಬರುತ್ತವೆ. ಕುತ್ತಿಗೆಯ ಮುಂಭಾಗದಲ್ಲಿ ಎರಡು ಕ್ಯಾರೊಟಿಡ್ ಧಮನಿಗಳು, ಬೆನ್ನುಮೂಳೆಯ ಪಕ್ಕದಲ್ಲಿ ಎರಡು ವರ್ಟಿಬ್ರಲ್ ಧಮನಿಗಳು. ಮಿದುಳಿನ ಬುಡದಲ್ಲಿ ಸಣ್ಣ ಕೂಡುನಾಳಗಳು ಇವನ್ನು ಜೋಡಿಸಿ ಒಂದು ಬಳೆ ಮಾಡುತ್ತವೆ. ಬಳೆಯಿಂದ ಮಿದುಳಿನ ಮುಂದಕ್ಕೆ, ನಡುವಿಗೆ, ಹಿಂದಕ್ಕೆ ಕವಲುಗಳು ಹೊರಡುತ್ತವೆ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು. ಒಂದು ದಾರಿ ಕಟ್ಟಿಕೊಂಡರೆ ಇನ್ನೊಂದು ದಾರಿಯಿಂದ ರಕ್ತ ಬರಲೆಂದು ಈ ಬಳೆ. ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆ ಮುಚ್ಚಿದಾಗ ಬಸ್ಸುಗಳು ಸುತ್ತಿಕೊಂಡು ಹೋಗುವ ಹಾಗೆ.

ಪುಸ್ತಕದಲ್ಲಿ ಈ ಬಳೆ ಚೊಕ್ಕವಾಗಿದೆ, ಎಡಬಲ ಒಂದೇ ಸಮ. ಮೇಷ್ಟ್ರ ತಲೆಯೊಳಗೆ ಹಾಗಿರಲಿಲ್ಲ. ಎಷ್ಟು ಜನರ ತಲೆಯಲ್ಲಿ ಪುಸ್ತಕದ ಹಾಗಿರುತ್ತದೆ ಎಂಬ ಪ್ರಶ್ನೆಯಿಂದ ನನ್ನ ಓದು ಶುರುವಾಯಿತು.

ಮಿದುಳಿನ ಬುಡದ ರಕ್ತನಾಳಗಳ ವಿಷಯದಲ್ಲಿ ಪುಸ್ತಕ ಹೇಳಿದ್ದನ್ನೇ ಕಣ್ಣೂ ಕಾಣಬೇಕೆಂಬ ಹಟ ಬಹಳ ಹಳೆಯದು. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ದನ, ಹಂದಿಗಳ ತಲೆ ಕೊಯ್ದು ನೋಡಿ, ಅಲ್ಲಿ ಸಣ್ಣ ನಾಳಗಳ ಒಂದು 'ಅದ್ಭುತ ಬಲೆ' ಇದೆ ಎಂದು ಬರೆದ. ದನಕ್ಕೆ ಆ ಬಲೆ ಇದೆ, ಮನುಷ್ಯರಿಗೆ ಇಲ್ಲ. ಆದರೆ ಗ್ಯಾಲನ್ ಹೇಳಿದ್ದೆಂದರೆ ವೇದವಾಕ್ಯವಾಗಿದ್ದ ಕಾಲ. ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರಿಗೂ ಅದು ಇದೆ ಎಂದೇ ಪಾಠ ನಡೆಯಿತು. 1520ರ ದಶಕದಲ್ಲಿ ಇಟಲಿಯ ಬೆರೆಂಗಾರಿಯೋ ಎಂಬ ವೈದ್ಯ, ಎಷ್ಟು ಹುಡುಕಿದರೂ ತನಗೆ ಆ ಬಲೆ ಸಿಗಲಿಲ್ಲ ಎಂದ. 1543ರಲ್ಲಿ ವೆಸಾಲಿಯಸ್ ತನ್ನ ದೊಡ್ಡ ಅಂಗರಚನಾ ಗ್ರಂಥದಲ್ಲಿ ಅದು ಮನುಷ್ಯರಿಗೆ ಇಲ್ಲವೆಂದು ಬರೆದು, ಜೊತೆಗೆ ಒಂದು ತಪ್ಪೊಪ್ಪಿಗೆಯನ್ನೂ ಸೇರಿಸಿದ. ತಾನು ಮೊದಲು ವಿದ್ಯಾರ್ಥಿಗಳ ಮುಂದೆ ಮನುಷ್ಯನ ತಲೆ ಕೊಯ್ಯುವಾಗಲೆಲ್ಲ ಪಕ್ಕದಲ್ಲಿ ಕುರಿಮರಿಯದೋ ಎತ್ತಿನದೋ ತಲೆಯನ್ನೂ ಇಟ್ಟುಕೊಳ್ಳುತ್ತಿದ್ದೆ, ಮನುಷ್ಯನಲ್ಲಿ ಸಿಗದ ಬಲೆಯನ್ನು ಅದರಲ್ಲಿ ತೋರಿಸುತ್ತಿದ್ದೆ ಎಂದು. ಇದನ್ನು ಓದಿದಾಗ ನನಗೆ ನಮ್ಮ ರೆಕಾರ್ಡ್ ಪುಸ್ತಕ ನೆನಪಾಯಿತು.

ಬಲೆ ಹೋಗಿ ಬಳೆ ಬಂದದ್ದು 17ನೇ ಶತಮಾನದಲ್ಲಿ. ಕೆಲವು ಭಾಗಗಳನ್ನು ಬೇರೆಯವರು ಮೊದಲೇ ಗುರುತಿಸಿದ್ದರು. ಆದರೆ ಪೂರ್ತಿ ಚಿತ್ರ ಕೊಟ್ಟು, ಅದು ಯಾಕಿದೆ ಎಂದು ಹೇಳಿದವನು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಥಾಮಸ್ ವಿಲಿಸ್. 1664ರಲ್ಲಿ ಅವನ ಮಿದುಳಿನ ಅಂಗರಚನೆಯ ಪುಸ್ತಕ ಲ್ಯಾಟಿನ್‌ನಲ್ಲಿ ಬಂತು. ಕೊಯ್ಯುವ ಕೆಲಸದಲ್ಲಿ ರಿಚರ್ಡ್ ಲೋವರ್ ನೆರವಾದ. ಚಿತ್ರ ಬರೆದವನು ಕ್ರಿಸ್ಟೋಫರ್ ರೆನ್. ಇವನೇ ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ವಾಸ್ತುಶಿಲ್ಪಿ. ಆ ಚಿತ್ರ ಅಷ್ಟು ಅಚ್ಚುಕಟ್ಟಾಗಿರುವುದಕ್ಕೆ ಕಟ್ಟಡ ಕಟ್ಟುವವನ ಕೈ ಕಾರಣವೋ ಏನೋ ಎಂದು ನನಗೆ ಗುಮಾನಿ.

ವಿಲಿಸ್ ಒಂದು ಬದಿಯ ಕ್ಯಾರೊಟಿಡ್‌ಗೆ ಬಣ್ಣದ ದ್ರವ ಬಿಟ್ಟು ನೋಡಿದ. ಅದು ಇನ್ನೊಂದು ಬದಿಗೂ ಹರಡಿತು. ಇನ್ನೊಂದು ಪ್ರಸಂಗ ಇನ್ನೂ ಸ್ವಾರಸ್ಯ. ಬೇರೆ ಕಾಯಿಲೆಯಿಂದ ಸತ್ತ ಒಬ್ಬನ ತಲೆ ಕೊಯ್ದಾಗ ಅವನ ಬಲ ಕ್ಯಾರೊಟಿಡ್ ಕಲ್ಲಿನಂತೆ ಗಟ್ಟಿಯಾಗಿ ಬಹುತೇಕ ಮುಚ್ಚಿಹೋಗಿತ್ತು. ಆದರೂ ಅವನಿಗೆ ಪಾರ್ಶ್ವವಾಯು ಬಂದಿರಲಿಲ್ಲ. ನೋಡಿದರೆ ಅದೇ ಬದಿಯ ವರ್ಟಿಬ್ರಲ್ ಧಮನಿ ಇನ್ನೊಂದು ಬದಿಯದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು. ಒಂದು ರಸ್ತೆ ಮುಚ್ಚಿದ್ದಕ್ಕೆ ಇನ್ನೊಂದು ರಸ್ತೆ ತಾನೇ ಅಗಲವಾಗಿ ಊರನ್ನು ಸಾಕಿತ್ತು. ಹೀಗೆ ವಿಲಿಸ್ ತನ್ನ ಪುಸ್ತಕದಲ್ಲಿ ಎಡಬಲ ಸಮ ಇಲ್ಲದ ಒಬ್ಬನ ಕಥೆಯನ್ನೂ ಹೇಳಿದ್ದಾನೆ. ಮುಂದಿನವರ ನೆನಪಿನಲ್ಲಿ ಉಳಿದದ್ದು ರೆನ್ ಬರೆದ ಚಿತ್ರ ಮಾತ್ರ.

ಮುನ್ನೂರು ವರ್ಷ ಈ ಬಳೆಯನ್ನು ನೋಡಬೇಕಾದರೆ ಮನುಷ್ಯ ಸತ್ತಿರಬೇಕಿತ್ತು. ನಮ್ಮ ಸೀಮೆಯಲ್ಲಿ ಆ ಅಭ್ಯಾಸಕ್ಕೆ ಈಗ ನೂರು ವರ್ಷ. ಮೈಸೂರು ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ನಮ್ಮ ಶಾಲೆಗೆ ಐವತ್ತು ತುಂಬುವ ಹೊತ್ತಿಗೆ ಅದಕ್ಕೆ ನೂರು ತುಂಬಿದೆ. ಅಲ್ಲಿ ಓದಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರನ್ನು ಕೇಳಿದೆ. ಅಂಗರಚನಾ ವಿಭಾಗದಲ್ಲಿ ಫಾರ್ಮಲಿನ್ ವಾಸನೆಯ ನಡುವೆ ಮಿದುಳನ್ನು ಮಗುಚಿ ಹಾಕಿ, ಬುಡದಲ್ಲಿ ಚಿಮಟದಿಂದ ಸವರಿ ಸವರಿ ಆ ಬಳೆ ಹುಡುಕುತ್ತಿದ್ದರಂತೆ. "ನಮ್ಮ ಬ್ಯಾಚಿನ ಮೇಜಿನ ಮೇಲಿದ್ದ ಮಿದುಳಲ್ಲಿ ಒಂದು ಕೂಡುನಾಳ ದಾರದ ಎಳೆಯಷ್ಟು ಸಣ್ಣಗಿತ್ತು. ಕಿತ್ತುಹಾಕಿಬಿಟ್ಟೆವೇನೋ ಎಂದು ಹೆದರಿ ಮೇಡಂ ಹತ್ತಿರ ಹೇಳಲೇ ಇಲ್ಲ" ಎಂದು ಅವರು ನಕ್ಕರು.

ಎಣಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಆಲ್ಪರ್ಸ್ ಮತ್ತು ಸಂಗಡಿಗರು 1959ರಲ್ಲಿ 350 ಮಿದುಳುಗಳ ಲೆಕ್ಕ ಕೊಟ್ಟರು. ನರರೋಗವಿಲ್ಲದವರ ಮಿದುಳುಗಳನ್ನೇ ಆರಿಸಿದ್ದರೂ ಪುಸ್ತಕದ ಹಾಗೆ ಇದ್ದದ್ದು ನೂರಕ್ಕೆ 52ರಲ್ಲಿ ಮಾತ್ರ. 1963ರಲ್ಲಿ ರಿಗ್ಸ್ ಮತ್ತು ರಪ್ ಎಂಬವರು ನರರೋಗದ ಲಕ್ಷಣವಿದ್ದವರ 994 ಮಿದುಳು ನೋಡಿದಾಗ ಪುಸ್ತಕದಂಥ ಬಳೆ ಸಿಕ್ಕಿದ್ದು ಐದರಲ್ಲಿ ಒಂದರಷ್ಟಕ್ಕೆ. ಎರಡು ಲೆಕ್ಕಕ್ಕೂ ಇಷ್ಟು ಅಂತರವೇಕೆ? ಒಂದು ಕಾರಣ, ಆರಿಸಿಕೊಂಡ ಜನ ಬೇರೆ. ಇನ್ನೊಂದು, ಎಷ್ಟು ಸಣ್ಣಗಿದ್ದರೆ 'ಸಣ್ಣ' ಎನ್ನಬೇಕೆಂಬ ಗೆರೆಯನ್ನು ಎಣಿಸುವವರೇ ಎಳೆಯಬೇಕು. ಗೆರೆ ಸ್ವಲ್ಪ ಸರಿದರೆ ಲೆಕ್ಕವೂ ಸರಿಯುತ್ತದೆ.

ಬದುಕಿರುವವರ ಮಿದುಳಿನ ರಕ್ತನಾಳಗಳನ್ನು ಮೊದಲು ನೋಡಿದವರು ಪೋರ್ಚುಗಲ್‌ನ ಎಗಾಸ್ ಮೋನಿಜ್. 1927ರಲ್ಲಿ ಲಿಸ್ಬನ್‌ನಲ್ಲಿ ಕ್ಯಾರೊಟಿಡ್‌ಗೆ ಎಕ್ಸ್-ರೇ ತಡೆಯುವ ಲವಣದ ದ್ರವ ಚುಚ್ಚಿ ಚಿತ್ರ ತೆಗೆದರು. ಗೆಲ್ಲುವ ಮೊದಲು ಪ್ರಯೋಗಕ್ಕೆ ಒಳಗಾದ ರೋಗಿಯೊಬ್ಬರು ತೀರಿಕೊಂಡಿದ್ದರು. (1949ರಲ್ಲಿ ಇವರಿಗೆ ನೊಬೆಲ್ ಬಂತು. ಅದು ಇದಕ್ಕಲ್ಲ, ಮಿದುಳಿನ ಒಂದು ಶಸ್ತ್ರಚಿಕಿತ್ಸೆಗೆ. ಅದನ್ನು ಈಗ ಯಾರೂ ಹೊಗಳುವುದಿಲ್ಲ.) ಆಂಜಿಯೋಗ್ರಾಂ ಇಂದಿಗೂ ಬೇಕಾದದ್ದೇ. ಆದರೆ ನಾಳದೊಳಗೆ ಕೊಳವೆ ತೂರಿಸಬೇಕು, ಸ್ವಲ್ಪವಾದರೂ ಅಪಾಯ ಇದ್ದೇ ಇದೆ. ಕಾಯಿಲೆ ಇಲ್ಲದ ಸಾವಿರ ಜನರನ್ನು ಕೂರಿಸಿ ಹೀಗೆ ಚುಚ್ಚಿ ನೋಡುವಂತಿಲ್ಲ. ಹಾಗಾಗಿ ನಮ್ಮ ನಿಮ್ಮಂಥ ಸಾಮಾನ್ಯರ ತಲೆಯೊಳಗೆ ಏನಿದೆ ಎಂಬುದು ಆಗಲೂ ಗೊತ್ತಾಗಲಿಲ್ಲ.

ಚುಚ್ಚದೆ ನೋಡುವ ಉಪಾಯದ ಮೊದಲ ಎಳೆ ಎಲ್ಲಿಂದ ಹೊರಟಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಊರು ನಮ್ಮದೇ ಮೈಸೂರು ರಾಜ್ಯದ ಬೆಂಗಳೂರು. ಇದನ್ನು ನನಗೆ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ, ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜಕ್ಕೆ ಒಂದು ಗುಣವಿದೆ. ಅದನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು, ತಕ್ಕ ಆವರ್ತದ ರೇಡಿಯೋ ಅಲೆ ಕಳಿಸಿದರೆ ಅದು ಅಲೆಯನ್ನು ಹೀರಿ ಆಮೇಲೆ ಮಾರುತ್ತರ ಕೊಡುತ್ತದೆ. 1946ರ ಸುಮಾರಿಗೆ ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಐದು ವರ್ಷದೊಳಗೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಎಂಬವರು ನಿಂತ ದ್ರವದ ಬದಲು ಹರಿಯುವ ದ್ರವವನ್ನು ಹೀಗೆ ಪರೀಕ್ಷಿಸಿದರು. ನಿಂತ ದ್ರವಕ್ಕೆ ಒಂದೇ ಸಮನೆ ರೇಡಿಯೋ ಅಲೆ ಬಡಿಯುತ್ತಿದ್ದರೆ ಅದರ ಉತ್ತರ ಕುಗ್ಗುತ್ತದೆ. ಹರಿಯುವ ದ್ರವದಲ್ಲಿ ಅಲೆ ತಾಗದ ಹೊಸ ನೀರು ಒಳಗೆ ಬರುತ್ತಲೇ ಇರುವುದರಿಂದ ಉತ್ತರ ಜೋರಾಗುತ್ತದೆ. ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಪ್ರಬಂಧ ಅಚ್ಚಾಯಿತು. ಅದು ಐದೇ ಪುಟ.

ಇದರ ಮರ್ಮ ತಿಳಿಯಲು ನಮ್ಮ ತರಗತಿಯನ್ನೇ ನೆನೆಯಿರಿ. ಮೇಷ್ಟ್ರು ಒಂದೇ ತರಗತಿಯಲ್ಲಿ ಕೂತು ಬಿಡುವಿಲ್ಲದೆ ಮತ್ತೆ ಮತ್ತೆ ಹಾಜರಿ ಕರೆಯುತ್ತಿದ್ದಾರೆ ಎನ್ನಿ. ಮೂರನೇ ಸಲಕ್ಕೆ ನಾವು ಸುಸ್ತಾಗಿ ಗೊಣಗುತ್ತೇವೆ, ಐದನೇ ಸಲಕ್ಕೆ ಬಾಯಿಯೇ ಬಿಡುವುದಿಲ್ಲ. ಆಗ ಬಾಗಿಲಿನಿಂದ ಒಬ್ಬ ಹುಡುಗ ಹೊಸದಾಗಿ ಒಳಗೆ ಬಂದರೆ ಅವನೊಬ್ಬ ಮಾತ್ರ "ಪ್ರೆಸೆಂಟ್ ಸಾರ್" ಎಂದು ಕೂಗುತ್ತಾನೆ. ಮಿದುಳಿನ ಮಾಂಸ ಕೂತಲ್ಲೇ ಕೂತ ಮಕ್ಕಳು, ರಕ್ತ ಹೊಸದಾಗಿ ಒಳಗೆ ಬರುತ್ತಿರುವ ಹುಡುಗ. ಯಂತ್ರ ಬಿಡುವಿಲ್ಲದೆ ರೇಡಿಯೋ ಅಲೆ ಕಳಿಸಿದಾಗ ಕದಲದ ಮಾಂಸ ಮಂಕಾಗುತ್ತದೆ, ಹರಿದು ಬರುವ ರಕ್ತ ಬೆಳ್ಳಗೆ ಹೊಳೆಯುತ್ತದೆ. ಬಣ್ಣ ಬೇಡ, ಸೂಜಿ ಬೇಡ. ಮೇಷ್ಟ್ರ ಮಿದುಳಿನ ರಕ್ತನಾಳಗಳ ಚಿತ್ರ ಬಂದದ್ದು ಇದೇ ತತ್ತ್ವದಿಂದ.

ಸೂರ್ಯನ್ ನೋಡಿದ್ದು ಪ್ರಯೋಗಾಲಯದ ನಳಿಕೆಯಲ್ಲಿ ಹರಿಯುವ ದ್ರವವನ್ನು. ಅಲ್ಲಿಂದ ಮಿದುಳಿನವರೆಗೆ ದಾರಿ ದೂರ. 1959ರಲ್ಲಿ ಅಮೆರಿಕದ ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಹೀಗೆ ಅಳೆದ. ಆಗಿನ್ನೂ ಚಿತ್ರ ತೆಗೆಯಲು ಬರುತ್ತಿರಲಿಲ್ಲ. ಅದು ಬಂದದ್ದು 1973ರಲ್ಲಿ, ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ, ನಮ್ಮ ಶಾಲೆ ಶುರುವಾಗುವ ಹಿಂದಿನ ವರ್ಷ. ಪಾಲ್ ಲಾಟರ್ಬರ್ ನೀರು ತುಂಬಿದ ಎರಡು ಸಣ್ಣ ನಳಿಕೆಗಳ ಚಿತ್ರವನ್ನು ಹೀಗೆ ತೆಗೆದು 'ನೇಚರ್' ಪತ್ರಿಕೆಗೆ ಕಳಿಸಿದರು. ಪತ್ರಿಕೆ ಮೊದಲು ಬೇಡವೆಂದು ಹಿಂದಿರುಗಿಸಿ ಆಮೇಲೆ ಅಚ್ಚುಮಾಡಿತು. 2003ರಲ್ಲಿ ಲಾಟರ್ಬರ್‌ಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ ನೊಬೆಲ್ ಬಂತು. ನಾವು ಹೈಸ್ಕೂಲಿನಲ್ಲಿದ್ದೆವು. ಆ ಸುದ್ದಿಯನ್ನು ಮೇಷ್ಟ್ರೇ ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸಿದ್ದರು. ಒಂದಕ್ಷರವೂ ನನಗೆ ಅರ್ಥವಾಗಿರಲಿಲ್ಲ. 1980ರ ದಶಕದ ಕೊನೆಗೆ ಎಂಆರ್‌ಐಯಲ್ಲಿ ರಕ್ತನಾಳದ ಚಿತ್ರ ತೆಗೆಯುವುದು ರೂಢಿಗೆ ಬಂತು.

ಇಲ್ಲಿ ಒಂದು ಮಾತು ಸೇರಿಸದೆ ಇರಲಾರೆ. ಆಸ್ಪತ್ರೆಗಳಲ್ಲಿರುವ 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. ಅದು ಬಳಸುವ ರೇಡಿಯೋ ಅಲೆ ಸುಮಾರು 64 ಮೆಗಾಹರ್ಟ್ಸ್. ನಾವು ಕೇಳುವ ಎಫ್‌ಎಂ 88ರಿಂದ 108. ಅಂದರೆ ಪಕ್ಕದ ಮನೆ. ಹೊರಗಿನ ರೇಡಿಯೋ ನುಸುಳಬಾರದೆಂದೇ ಆ ಕೊಠಡಿಯ ಗೋಡೆಗೆ ಲೋಹದ ತಗಡು ಹೊದಿಸಿರುತ್ತಾರೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿ 'ಆಕಾಶವಾಣಿ' ಎಂದು ಕರೆದ ಊರಿನವರು ನಾವು. ತಲೆಯೊಳಗಿನಿಂದಲೂ ಒಂದು ವಾಣಿ ಬರುತ್ತದೆಂದರೆ ಮನಶ್ಶಾಸ್ತ್ರದ ಆ ಮೇಷ್ಟ್ರಿಗೆ ಖುಷಿಯಾಗುತ್ತಿತ್ತು ಎನಿಸುತ್ತದೆ.

ಚುಚ್ಚದೆ ನೋಡುವ ದಾರಿ ಸಿಕ್ಕಮೇಲೆ ಆರೋಗ್ಯವಂತರನ್ನೂ ಎಣಿಸಬಹುದಾಯಿತು. 1998ರಲ್ಲಿ ನೆದರ್ಲೆಂಡ್ಸ್‌ನಲ್ಲಿ 150 ಆರೋಗ್ಯವಂತರ ಬಳೆ ನೋಡಿದರು. ಪೂರ್ತಿ ಇದ್ದದ್ದು ನೂರಕ್ಕೆ 42 ಜನರಲ್ಲಿ. 2020ರಲ್ಲಿ ನಾರ್ವೆಯ ಟ್ರೋಮ್ಸೊ ಎಂಬ ಊರಿನ ಅಧ್ಯಯನದ ಲೆಕ್ಕ ಪ್ರಕಟವಾಯಿತು. 1,864 ಜನ, ಇನ್ನೂ ಬಲವಾದ 3 ಟೆಸ್ಲಾ ಯಂತ್ರ. ಪುಸ್ತಕದ ಹಾಗೆ ಪೂರ್ಣ ಬಳೆ ಇದ್ದದ್ದು ನೂರಕ್ಕೆ ಸುಮಾರು 12 ಜನರಲ್ಲಿ. ಉಳಿದವರಲ್ಲಿ ಒಂದಲ್ಲ ಒಂದು ಕಡೆ ತುಂಡು ಕಾಣಿಸಲಿಲ್ಲ, ಇಲ್ಲವೇ ಸಣ್ಣಗಿತ್ತು. ಒಟ್ಟು 47 ಬಗೆ ಸಿಕ್ಕವು. ರೆನ್ ಬರೆದ ಚಿತ್ರವನ್ನು ಮುನ್ನೂರೈವತ್ತು ವರ್ಷ 'ಸರಿ' ಎಂದು ಪಾಠ ಮಾಡಿದ್ದಾಯಿತು. ಟ್ರೋಮ್ಸೊದವರ ಲೆಕ್ಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ, ಇಲ್ಲವೇ ಸ್ವಲ್ಪ ಹೆಚ್ಚು ಜನರಿಗೆ, ಅದು ಸರಿ.

ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಯಂತ್ರ ತೋರಿಸುವುದು ನಾಳವನ್ನಲ್ಲ, ಹರಿವನ್ನು. ದಾರದಷ್ಟು ಸಣ್ಣ ನಾಳದಲ್ಲಿ ರಕ್ತ ನಿಧಾನವಾಗಿ ಹರಿಯುತ್ತಿದ್ದರೆ, ಅಥವಾ ಎರಡೂ ಕಡೆಯ ಒತ್ತಡ ಸಮವಾಗಿ ಹರಿವೇ ಇಲ್ಲದಿದ್ದರೆ, ನಾಳ ಇದ್ದರೂ ಚಿತ್ರದಲ್ಲಿ ಬರುವುದಿಲ್ಲ. ಬಾಗಿಲಲ್ಲಿ ತಡೆದು ನಿಂತ ಹುಡುಗ "ಪ್ರೆಸೆಂಟ್" ಎನ್ನದಿದ್ದ ಮಾತ್ರಕ್ಕೆ ಅವನು ಶಾಲೆಗೇ ಬಂದಿಲ್ಲ ಎನ್ನಲಾಗದು. ಮೇಷ್ಟ್ರ ವರದಿಯಲ್ಲಿ ಇದ್ದದ್ದು 'ಕಾಣಿಸುತ್ತಿಲ್ಲ' ಎಂಬ ಮಾತು. ನಾನು ಅದನ್ನು 'ಇಲ್ಲವೇ ಇಲ್ಲ' ಎಂದು ಅನುವಾದಿಸಿದ್ದೆ.

ಫೀಟಲ್ ಒರಿಜಿನ್ ಎಂಬುದಕ್ಕೂ ನಾನು ಹೆದರಿದಷ್ಟು ಭಯಂಕರ ಅರ್ಥವಿಲ್ಲ. ಗರ್ಭದಲ್ಲಿರುವಾಗ ಎಲ್ಲರ ಮಿದುಳಿನ ಹಿಂಭಾಗಕ್ಕೂ ಮುಂದಿನ ಕ್ಯಾರೊಟಿಡ್‌ನಿಂದಲೇ ರಕ್ತ ಹೋಗುತ್ತದೆ. ಆಮೇಲೆ ಹಿಂದಿನ ವರ್ಟಿಬ್ರಲ್ ದಾರಿ ಬಲವಾಗಿ ಆ ಕೆಲಸ ವಹಿಸಿಕೊಳ್ಳುತ್ತದೆ, ಹಳೆಯ ದಾರಿ ಸಣ್ಣದಾಗಿ ಕೂಡುನಾಳವಾಗಿ ಉಳಿಯುತ್ತದೆ. ಕೆಲವರಲ್ಲಿ ಹಳೆಯ ದಾರಿಯೇ ದೊಡ್ಡದಾಗಿ ಉಳಿದುಬಿಡುತ್ತದೆ. ಹೊಸ ನಾಲೆ ಬಂದಮೇಲೂ ಒಂದೊಂದು ಗದ್ದೆಗೆ ಹಳೆಯ ತೂಬಿನಿಂದಲೇ ನೀರು ಹಾಯುವ ಹಾಗೆ. ಬೆಳೆ ಎರಡರಲ್ಲೂ ಬರುತ್ತದೆ. ಅಮೆರಿಕದ ಡಾರ್ಕಸ್ ಪ್ಯಾಜೆಟ್ ಎಂಬಾಕೆ ಮಾನವ ಭ್ರೂಣಗಳ ಸಂಗ್ರಹವನ್ನು ಹಂತಹಂತವಾಗಿ ಪರಿಶೀಲಿಸಿ, 1948ರಲ್ಲಿ ಈ ಬೆಳವಣಿಗೆಯ ಕಥೆಯನ್ನು ಚಿತ್ರ ಸಮೇತ ಪ್ರಕಟಿಸಿದರು.

ಹಾಗಾದರೆ ಈ ವ್ಯತ್ಯಾಸಗಳಿಗೆ ಬೆಲೆಯೇ ಇಲ್ಲವೇ ಎಂದು ಆಮೇಲೆ ನಾನೇ ಡಾಕ್ಟರನ್ನು ಕೇಳಿದೆ. ಇದೆ ಎಂದರು. ರಿಂಗ್ ರೋಡಿನ ಒಂದು ಭಾಗ ಕಿರಿದಾಗಿದ್ದರೆ ಸಾಮಾನ್ಯ ದಿನಗಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ದೊಡ್ಡ ರಸ್ತೆ ಬಂದ್ ಆದ ದಿನ ಗೊತ್ತಾಗುತ್ತದೆ. ಒಂದು ಕ್ಯಾರೊಟಿಡ್ ಮುಚ್ಚಿಕೊಂಡಾಗ ಬಳೆ ಪೂರ್ತಿ ಇದ್ದವರು ವಿಲಿಸ್ ಕಂಡವನ ಹಾಗೆ ಪಾರಾಗಬಹುದು, ಬಳೆ ತುಂಡಾಗಿದ್ದವರಿಗೆ ಹೆಚ್ಚು ಪೆಟ್ಟು ಬೀಳಬಹುದು. ಮುಂಭಾಗದ ಎ-1 ಒಂದು ಬದಿ ಸಣ್ಣಗಿದ್ದು ಇನ್ನೊಂದೇ ಎಲ್ಲ ಹೊರೆ ಹೊತ್ತರೆ, ಅವೆರಡೂ ಕೂಡುವ ಕಡೆ ನಾಳದ ಗೋಡೆ ಉಬ್ಬುವ ಸಂಭವ ಇತರರಿಗಿಂತ ಸ್ವಲ್ಪ ಹೆಚ್ಚು. ಕುತ್ತಿಗೆಯ ನಾಳದ ಶಸ್ತ್ರಚಿಕಿತ್ಸೆಗೆ ಮೊದಲೂ ಡಾಕ್ಟರಿಗೆ ಈ ನಕ್ಷೆ ಬೇಕು. ಮೇಷ್ಟ್ರ ನಾಳಗಳಲ್ಲಿ ಉಬ್ಬೂ ಇರಲಿಲ್ಲ, ಮುಚ್ಚಿದ್ದೂ ಇರಲಿಲ್ಲ. ಅವರ ಕೈ ಜೋಮು ಹಿಡಿದದ್ದಕ್ಕೆ ಡಾಕ್ಟರು ಹೇಳಿದ ಕಾರಣ ರಕ್ತದೊತ್ತಡ. ಆರು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದರು. ಮಗುವಿನ ವಿಷಯಕ್ಕೆ, "ಅಜ್ಜನ ಬಳೆ ಹೀಗಿದೆ ಎಂದು ಮೊಮ್ಮಗುವಿಗೆ ಹೆದರುವುದೇನೂ ಬೇಡ" ಎಂದರು.

ಇಷ್ಟು ಹೇಳಿದವರೇ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಯಾಕೆಂದರೆ ಈ ಸಂಚಿಕೆ ನಮ್ಮ ಕೊಪ್ಪಲಿನ ಮನೆಮನೆಗೂ ಹೋಗುತ್ತದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಪಿತ್ತ ಎಂದು ಕೂರಬಾರದು. ಹೆಪ್ಪು ಕರಗಿಸುವ ಔಷಧಿ ಕೊಡಬೇಕಾದದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ. ಎಣ್ಣೆ ತಿಕ್ಕಿಸಲು, ನಾಟಿ ಔಷಧಿಗೆ ಓಡಾಡಿ ಆ ಹೊತ್ತು ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಒಬ್ಬರು ಈಗಲೂ ಮಗನ ಹೆಸರು ಹೇಳಲು ಕಷ್ಟಪಡುತ್ತಾ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಒಂದೊಂದೇ ಪದ ಕಲಿಯುತ್ತಿದ್ದಾರೆ.

ಮೇಷ್ಟ್ರು ಡಿಸ್‌ಚಾರ್ಜ್ ಆದ ಮೇಲೆ ತಪ್ಪೊಪ್ಪಿಕೊಳ್ಳಲು ಮನೆಗೆ ಹೋದೆ. ಅಮ್ಮನವರು ಕಾಫಿ ಕೊಟ್ಟು, "ನಿನ್ನ ಮಾತು ಕೇಳಿ ಇವರು ಆಸ್ತಿ ಪತ್ರ ಎಲ್ಲೆಲ್ಲಿದೆ ಅಂತ ನನಗೆ ಹೇಳಿಕೊಡೋಕೆ ಶುರುಮಾಡಿದ್ರು ಕಣಪ್ಪ" ಎಂದರು. ನಾನು ತಲೆ ಎತ್ತಲಿಲ್ಲ. ಮೇಷ್ಟ್ರು ಬಹಳ ಹೊತ್ತು ಏನೂ ಅನ್ನದೆ ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು. ಕಪ್ಪು ಹಾಳೆಯ ಮೇಲೆ ಬೇರಿನಂತೆ ಬೆಳ್ಳಗೆ ಹರಡಿದ ನಾಳಗಳು. ಬಲಗಡೆ ಒಂದು ಎಳೆ ಸಣ್ಣ.

"ಆ ದಿನ ನೀನು ತಂದ ದಾಸವಾಳಕ್ಕೆ ಎಷ್ಟು ಎಸಳಿತ್ತೋ?" ಎಂದು ಕೇಳಿದರು.

"ಆರು, ಸಾರ್."

"ಅದನ್ನ ಎಸೆದುಬಿಟ್ಟೆವಾ?"

"ಎಸೆದುಬಿಟ್ಟೆವು ಸಾರ್."

ಅವರು ಅಮ್ಮನವರಿಂದ ಕತ್ತರಿ ತರಿಸಿ, ಫಿಲ್ಮಿನ ಮೂಲೆಯಲ್ಲಿದ್ದ ತಮ್ಮ ಹೆಸರು, ವಯಸ್ಸು, ನಂಬರಿನ ಪಟ್ಟಿಯನ್ನು ಕತ್ತರಿಸಿ ತೆಗೆದರು. ಉಳಿದದ್ದನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಈಗಿನ ವಿಜ್ಞಾನದ ಮೇಡಂ ಅದನ್ನು ನಮ್ಮ ಶಾಲೆಯ ಪ್ರಯೋಗಾಲಯದ ಎರಡನೇ ಕಿಟಕಿಯ ಗಾಜಿಗೆ ಅಂಟಿಸಿದ್ದಾರೆ. ಪಕ್ಕದಲ್ಲಿ ಪುಸ್ತಕದ ವೃತ್ತವನ್ನು ಹತ್ತನೇ ತರಗತಿಯ ಹುಡುಗಿಯೊಬ್ಬಳು ಡ್ರಾಯಿಂಗ್ ಹಾಳೆಯಲ್ಲಿ ಬರೆದು ಹಾಕಿದ್ದಾಳೆ. ಮಹೋತ್ಸವದ ಎರಡೂ ದಿನ ಪ್ರಯೋಗಾಲಯ ತೆರೆದಿರುತ್ತದೆ. ಬೆಳಿಗ್ಗೆ ಹನ್ನೊಂದರ ಒಳಗೆ ಬಂದರೆ ಆ ಕಿಟಕಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ.